ನವಿಲಿನ ಕುತ್ತಿಗೆಯ ತೂತು

ಭಯಕ್ಕೆ ಗಾತ್ರದ ಲೆಕ್ಕವಿಲ್ಲ. ಭದ್ರಾವತಿಯ ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಹೇಳಿದಂತೆ ಕಬ್ಬಿಣ ಕೊರೆಯುವ ಸಿಎನ್‌ಸಿ ಮೆಷಿನ್ನಿನ ಮುಂದೆ ಆಕಳಿಸುತ್ತ ನಿಲ್ಲುವ ನಾನು, ಆಲ್ಕೊಳದ ನಮ್ಮ ಮನೆಯಲ್ಲಿರುವ ಎಂಬ್ರಾಯ್ಡರಿ ಮೆಷಿನ್ನಿನ ಸೂಜಿ ಕಂಡರೆ ಬೆವರುತ್ತೇನೆ. ಇದಕ್ಕೆಲ್ಲ ಕಾರಣ ನನ್ನ ಬಾಯಿ. ಆ ಮೆಷಿನ್ನಿನ ಕಂಪ್ಯೂಟರ್ ಬೋರ್ಡು ಸುಟ್ಟು, ಹೊಸದು ಎಲ್ಲೂ ಸಿಗದೆ, ನನ್ನ ಹೆಂಡತಿ ಗಿರಿಜಾ ಅಳುವಂತಿದ್ದಳು. ಪಕ್ಕದ ಮನೆಯ ಸಾವಿತ್ರಕ್ಕನ ಮಗಳ ಮದುವೆ ಬ್ಲೌಸಿಗೆ ನವಿಲು ಹಾಕುವುದಿತ್ತು. "ಇದೇನು ಮಹಾ! ಅಲ್ಲಿ ಕಬ್ಬಿಣ, ಇಲ್ಲಿ ಬಟ್ಟೆ. ಆಚೆ ಈಚೆ ಸರಿಸೋದು ತಾನೆ?" ಅಂದುಬಿಟ್ಟೆ.

ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸಿಎನ್‌ಸಿ ಕಂಟ್ರೋಲರನ್ನು, ಅಂದರೆ ಮೆಷಿನ್ ನಡೆಸುವ ಪೆಟ್ಟಿಗೆಯನ್ನು, ಮಾಲೀಕರ ಹತ್ತಿರ ಕೇಳಿ ತಂದೆ. ಬಟ್ಟೆ ಹಿಡಿಯುವ ಚೌಕಟ್ಟಿಗೆ ಜೋಡಿಸಿ, ನನ್ನ ಲುಂಗಿ ಸಿಕ್ಕಿಸಿ ಗುಂಡಿ ಒತ್ತಿದೆ. ಸೂಜಿ ಬಟ್ಟೆಯೊಳಗೆ ಇರುವಾಗಲೇ ಚೌಕಟ್ಟು ಸರಿಯಿತು. ಟಣ್! ಮುರಿದ ತುದಿ ನನ್ನ ಕಿವಿಯ ಪಕ್ಕ ಹಾದು ಕ್ಯಾಲೆಂಡರಿನ ದೇವರಿಗೆ ಚುಚ್ಚಿಕೊಂಡಿತು. ಸೂಜಿ ಮೇಲೆದ್ದ ಮೇಲೆಯೇ ಚೌಕಟ್ಟು ಸರಿಯುವಂತೆ ಸೆನ್ಸರ್ ಕೂರಿಸಿದಾಗ ಲುಂಗಿಯ ಮೇಲೆ ನವಿಲೇನೋ ಚೆನ್ನಾಗಿ ಮೂಡಿತು. ನನ್ನ ಭಯ ಮಾತ್ರ ಇಳಿಯಲಿಲ್ಲ.

"ಇನ್ನು ಬ್ಲೌಸಿನ ರೇಷ್ಮೆ ಹಾಕ್ತೀನಿ," ಎಂದಳು ಗಿರಿಜಾ.

"ಬೇಡ ಮಾರಾಯ್ತಿ, ಇನ್ನೊಂದು ಲುಂಗಿ ನೋಡೋಣ."

"ನಿಮ್ಮ ಲುಂಗಿ ಎಲ್ಲಾ ಮುಗಿದ್ವು. ಹೆದರಿಕೆ ಆದ್ರೆ ಆಚೆ ಕೂತ್ಕೊಳಿ."

ಆಚೆ ಕೂರುವುದು ಇನ್ನೂ ಭಯ. ಕಂಟ್ರೋಲರಿನ ಕೆಂಪು ಸ್ಟಾಪ್ ಗುಂಡಿಯ ಮೇಲೆ ಬೆರಳಿಟ್ಟು ನಿಂತೆ. ಗರಿ ಬಂತು, ಹೊಟ್ಟೆ ಬಂತು. ಕುತ್ತಿಗೆ ಅರ್ಧ ಬರುವಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನನ್ನನ್ನು ಕೇಳದೆಯೇ ಬೆರಳು ಗುಂಡಿ ಒತ್ತಿಬಿಟ್ಟಿತು. ಚೌಕಟ್ಟು ತಟ್ಟನೆ ನಿಂತಿತು. ಆ ಗುಂಡಿಗೆ ಸೇರದ ಬೇರೆ ಮೋಟಾರಿನಲ್ಲಿ ಓಡುತ್ತಿದ್ದ ಸೂಜಿ ಮಾತ್ರ ಅದೇ ಜಾಗದಲ್ಲಿ ಟಕಟಕ ಕುಟ್ಟಿ, ರೇಷ್ಮೆಯಲ್ಲಿ ತೂತು ಮಾಡಿಯೇ ನಿಂತಿತು. ಮದುವೆ ಹೆಣ್ಣಿನ ಬ್ಲೌಸು! ಗಿರಿಜಾ ಬೈಯಲಿಲ್ಲ; ಅದು ಮತ್ತೂ ಭಯ. ನವಿಲನ್ನು ಮುಗಿಸಿ, ತೂತನ್ನು ಕೈಯಲ್ಲಿ ಹೊಲಿದು, ಮೇಲೊಂದು ಕಪ್ಪು ಮಣಿ ಕೂರಿಸಿದಳು.

ಸಾವಿತ್ರಕ್ಕ ಬಂದಾಗ ನಾನು ಬಾಗಿಲ ಮರೆಯಲ್ಲಿದ್ದೆ.

"ಇದೊಂದು ಕಪ್ಪು ಮಣಿ ಯಾಕೆ ಗಿರಿಜಾ?"

"ದೃಷ್ಟಿ ಆಗ್ಬಾರ್ದು ಅಂತ ಅಕ್ಕ. ಇವರೇ ಜಾಗ ತೋರಿಸಿದ್ದು."

"ಅಯ್ಯೋ, ಎಷ್ಟು ಮುಂದಾಲೋಚನೆ! ನಮ್ಮ ಅಳಿಯನೂ ಇವರ ಹಂಗೇ ಇದ್ರೆ ಸಾಕು."

ಗಿರಿಜಾ ಬಾಗಿಲ ಕಡೆ ತಿರುಗಿದಳು. "ಅಷ್ಟು ಕಷ್ಟ ಬೇಡ ಅಕ್ಕ ನಿಮ್ಮ ಮಗಳಿಗೆ."

ಸಾವಿತ್ರಕ್ಕ ತಮಾಷೆಯೆಂದುಕೊಂಡು ನಕ್ಕರು. ನಾನೂ ನಕ್ಕೆ. ನಗದೆ ಇರುವುದಕ್ಕೆ ಧೈರ್ಯ ಬೇಕಲ್ಲ.