ಮಾಮಾನ ಮೂರು ಬೀಗ

ಹೈದರಾಬಾದಿನ ಸನತ್‌ನಗರದಲ್ಲಿ ದೇಶದ ರಕ್ಷಣೆಯ ಗುಟ್ಟೇನಾದರೂ ಅಡಗಿದ್ದರೆ ಅದು ನನ್ನ ಸೋದರಮಾವನ ಲ್ಯಾಪ್‌ಟಾಪಿನಲ್ಲೇ ಇರಬೇಕು ಎಂದು ಹೊಸಬರು ತಿಳಿದರೆ ಅವರ ತಪ್ಪಲ್ಲ. ಅಷ್ಟು ಬೀಗ! ಅಸಲಿಗೆ ಅದರಲ್ಲಿ ಇರುವುದು ಮದುವೆಗೆ ಬಂದ ಹುಡುಗ ಹುಡುಗಿಯರ ಜಾತಕ. ಬೀದರ, ಕಲಬುರಗಿ, ರಾಯಚೂರಿನಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಜನಕ್ಕೆ ಸಂಬಂಧ ಕೂಡಿಸುವುದು ಮಾಮಾನ ನಿವೃತ್ತಿಯ ನಂತರದ ಉದ್ಯೋಗ. ಸಂಬಳ ಇಲ್ಲ. ಮದುವೆ ಊಟಕ್ಕೆ ಕರೆದರೆ ಸಾಕು, ಹೋಳಿಗೆ ಎಷ್ಟು ಸಲ ಬಂತೆಂದು ಲೆಕ್ಕ ಇಡುವುದಿಲ್ಲ.

ಜಾತಕದ ಜೊತೆ ಪ್ರತಿಯೊಂದು ಮನೆಯವರೂ ಮೆಲ್ಲಗೆ ಹೇಳುವ ಒಂದೆರಡು ಮಾತು ಬಿಟ್ಟು ಹೋಗುತ್ತಾರೆ. ಹುಡುಗನ ನಿಜವಾದ ವಯಸ್ಸು, ಹುಡುಗಿಯ ಅಣ್ಣ ಮನೆಗೆ ಬರದಿರುವ ಕಾರಣ, ಹಿಂದೆ ಮುರಿದ ನಿಶ್ಚಯ. ಮಾಮಾ ಎಲ್ಲವನ್ನೂ ಬರೆದಿಡುತ್ತಾನೆ, ಯಾಕೆಂದರೆ ಎರಡೂ ಕಡೆಗೆ ಸುಳ್ಳು ಹೇಳಿ ಮದುವೆ ಮಾಡಿಸುವ ಜಾತಿಯವನಲ್ಲ. ಆದರೆ ಇದರಲ್ಲಿ ಒಂದು ಸಾಲು ಹೊರಗೆ ಬಿದ್ದರೂ ಯಾರದೋ ಮನೆ ಹಾಳು ಎಂಬ ಭಯ ಅವನಿಗೆ.

“ಒಮ್ಮೆ ಆಗೇತಿ. ಇನ್ನೊಮ್ಮೆ ನನ್ನ ಕೈಯಿಂದ ಆಗಬಾರದು,” ಎನ್ನುತ್ತಾನೆ. ಏನಾಯಿತು ಎಂದು ಕೇಳಿದರೆ ಕನ್ನಡಕ ಒರೆಸುತ್ತಾ ಕೂರುತ್ತಾನೆ.

ಮಾಮಾ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದವನು. ಗೇಟಿಗೆ ಒಂದು ಬೀಗ, ಕೋಣೆಗೆ ಒಂದು, ಕಪಾಟಿಗೆ ಒಂದು, ಹೀಗೆ ಮೂವತ್ತು ವರ್ಷ ಕಳೆದವನಿಗೆ ಕಾರ್ಖಾನೆಯವರು ಬೇಡವೆಂದು ಬಿಟ್ಟ ಹಳೆಯ ಲ್ಯಾಪ್‌ಟಾಪ್ ಸಿಕ್ಕಿತು. ಅದಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟ ಪಾಪ ನನ್ನದೇ. ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿಟ್ಟು ಪಾಸ್‌ವರ್ಡ್ ಕೇಳುವ ಬೀಗ ಅದರಲ್ಲೇ ಇರುತ್ತದೆ, ಅದೊಂದು ಸಾಕು. ಮಾಮಾನಿಗೆ ಸಾಕಾಗುತ್ತದೆಯೇ? ಅದರೊಳಗೆ ತನ್ನ ಫೋಲ್ಡರಿಗೆ ಇನ್ನೊಂದು ಬೀಗ, ಆ ಫೋಲ್ಡರಿನೊಳಗೆ ಜಾತಕಗಳಿಗೆ ಮತ್ತೊಂದು ಬೀಗ ತಾನೇ ಕಲಿತು ಹಾಕಿದ.

ಹಳೆಯ ಯಂತ್ರ ಒಂದೊಂದು ಅಕ್ಷರವನ್ನೂ ಮೂರು ಮೂರು ಸಲ ಬಿಡಿಸಬೇಕು. ಅದರ ಗತಿ ಏನಾಗಬೇಕು! ಒಮ್ಮೆ ಪಟಾನ್‌ಚೆರುವಿನಿಂದ ಬಸ್ಸಿನಲ್ಲಿ ಬಂದ ಹಿರಿಯರೊಬ್ಬರು ಮಗಳಿಗೆ ವರ ಕೇಳಲು ಕುಳಿತವರು ಕುರ್ಚಿಯಲ್ಲೇ ನಿದ್ದೆ ಹೋದರು. ಎಚ್ಚರವಾದ ಮೇಲೆ “ತೆರೀತೇನ್ರಿ?” ಎಂದು ಕೇಳಿದರು.

“ಎರಡನೇದು ನಡದೈತ್ರಿ. ನೀವು ಮಲಕೋರಿ,” ಎಂದ ಮಾಮಾ.

ಕೊನೆಗೆ ಮಾಮಿ ನನಗೆ ಫೋನ್ ಮಾಡಿದಳು. ಅವಳು ಸಮಯವನ್ನು ಚಹಾದಲ್ಲಿ ಅಳೆಯುತ್ತಾಳೆ. “ಬಂದವರಿಗೆ ಎರಡೆರಡು ಸಲ ಚಹಾ ಆಗಾಕತ್ತೈತಿ, ಇನ್ನೂ ಅದು ಬಾಯಿ ಬಿಡಂಗಿಲ್ಲ. ನೀ ಕಂಪ್ಯೂಟರ್ ಕೆಲಸದಾಕಿ ಅಲ್ಲೇನು? ಜಲ್ದಿ ಆಗೂಹಂಗ ಮಾಡು. ಇಲ್ಲಾ ನಿಮ್ಮ ಮಾಮಾಗ ಒಂದು ಹೋಟೆಲ್ ಹಾಕ್ಕೊಡು.”

ಭಾನುವಾರ ಹೋದೆ. ಮಾಮಾ ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ನೋಡಿ ಹೇಳಿದ ಮೊದಲ ಮಾತು, “ಗ್ವಾಡಿ ಕಡೆ ತಿರುಗು.” ಪಾಸ್‌ವರ್ಡ್ ಹಾಕುವಾಗ ಯಾರೂ ನೋಡಬಾರದು. ಸೋದರಸೊಸೆಯಾದ ನಾನೂ! ಮೂರು ಬೀಗಕ್ಕೆ ಮೂರು ಸಲ ಗೋಡೆಗೆ ಮುಖ ಮಾಡಿ ನಿಂತೆ. ಅಲ್ಲಿ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಈ ವರ್ಷದ ಏಕಾದಶಿಗಳೆಲ್ಲ ಯಾವ ವಾರ ಬರುತ್ತವೆ ಎಂದು ಈಗಲೂ ಕೇಳಿ, ಹೇಳುತ್ತೇನೆ.

ಮದುವೆಗೂ ನನಗೂ ಇರುವ ಸಂಬಂಧವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ನನಗೂ ಒಮ್ಮೆ ನಿಶ್ಚಯವಾಗಿತ್ತು. ಚಿಕ್ಕಂದಿನಲ್ಲಿ ನನಗೆ ಮೂರ್ಛೆ ಬರುತ್ತಿತ್ತು, ಔಷಧಿಯಿಂದ ವಾಸಿಯಾಗಿತ್ತು. ಗಂಡಿನ ಮನೆಗೆ ನಾವೇ ಹೋಗಿ ಹೇಳಬೇಕೆಂದಿದ್ದಾಗ ಸುದ್ದಿ ನಮಗಿಂತ ಮೊದಲೇ, ಕೈಕಾಲು ಬೆಳೆಸಿಕೊಂಡು, ಸಿಕಂದರಾಬಾದಿನ ಅವರ ಮನೆ ಮುಟ್ಟಿತ್ತು. ನಿಶ್ಚಯ ಮುರಿಯಿತು. ಯಾರು ಮುಟ್ಟಿಸಿದರೋ ಗೊತ್ತಾಗಲಿಲ್ಲ. ಇನ್ನು ನನ್ನ ಮುಂದೆ ಮದುವೆ ಮಾತು ಎತ್ತಬೇಡಿ ಎಂದೆ, ಯಾರೂ ಎತ್ತಲಿಲ್ಲ. ಅದಿರಲಿ, ಲ್ಯಾಪ್‌ಟಾಪಿಗೆ ಬರೋಣ.

ಕಾಯಿಲೆ ಸುಲಭವಾಗಿಯೇ ಸಿಕ್ಕಿತು. ಎಲ್ಲರೂ ಬಳಸುವ ಎಇಎಸ್ ಎಂಬ ಬೀಗವನ್ನು ಬೇಗ ತೆರೆಯುವ ವ್ಯವಸ್ಥೆ ಹೊಸ ಪ್ರೊಸೆಸರುಗಳಲ್ಲಿ ಹುಟ್ಟಿನಿಂದಲೇ ಇರುತ್ತದೆ. ಮಾಮಾನ ಹಳೆಯದಕ್ಕೆ ಅದಿಲ್ಲ. ಹೊಸ ಲ್ಯಾಪ್‌ಟಾಪ್ ಕೊಡಿಸುತ್ತೇನೆ ಎಂದರೆ “ಇದಕ್ಕೇನಾಗೇತಿ?” ಎಂದ. ಹಾಗಾದರೆ ಬೀಗ ಬದಲಿಸಬೇಕು. ಬೇರೆ ಬೇರೆ ಬೀಗಗಳ ವೇಗ ಅಳೆದು ನೋಡಿದೆ. ಅಡಿಯಾಂಟಮ್ ಎಂಬುದೊಂದು ಈ ಯಂತ್ರದಲ್ಲಿ ಚೆನ್ನಾಗಿ ಓಡಿತು. ಮಾಮಾ ಕನ್ನಡಕ ಏರಿಸಿದ.

“ಯಾರ ಪೈಕಿ?”

“ಮಾಮಾ, ಇದು ಬೀಗ. ವರ ಅಲ್ಲ.”

“ಆದರೂ ಕೇಳಬೇಕಲ್ಲ. ಎಲ್ಲಿ ಕೆಲಸ ಮಾಡೇತಿ ಇಲ್ಲೀತನಕ?”

“ಶಕ್ತಿ ಕಡಿಮಿ ಇರೋ ಸಣ್ಣ ಫೋನಿಗಂತ ಮಾಡ್ಯಾರ.”

“ಅಂದ್ರ ಬಡವರ ಮನ್ಯಾಗ ಹೊಂದಿಕೊಂಡು ಇದ್ದದ್ದು. ಛಲೋ. ದೋಷ ಏನರ?”

“ಇಲ್ಲೀತನಕ ಯಾರಿಗೂ ಸಿಕ್ಕಿಲ್ಲ.”

“ಹಂಗ ಎಲ್ಲಾರೂ ಹೇಳ್ತಾರ,” ಎಂದು ವಿಚಾರಿಸಲು ಒಂದು ವಾರ ಕೇಳಿದ. ಶನಿವಾರ ಫೋನ್ ಬಂತು. “ವಿಚಾರಿಸೀನಿ. ಆಗಬಹುದು.” ಯಾರ ಹತ್ತಿರ ವಿಚಾರಿಸಿದನೋ, ಆ ದೇವರೇ ಬಲ್ಲ!

ಮರುದಿನ ಬೆಳಿಗ್ಗೆ ಹೋದರೆ ಮುಂದಿನ ತಕರಾರು ಒಳಗಿನ ಎರಡು ಬೀಗಗಳದು. ಅವನ್ನು ತೆಗೆಯದೆ ವೇಗ ಬರುವುದಿಲ್ಲ, ಹೊರಗಿನದು ಗಟ್ಟಿಯಿದ್ದರೆ ಅವು ಬೇಕಾಗಿಯೂ ಇಲ್ಲ ಎಂದು ನಾನು ಒಂದು ತಾಸು ವಾದಿಸಿದೆ. ಮಾಮಾ ಜಗ್ಗಲಿಲ್ಲ. ಅಡುಗೆಮನೆಯಿಂದ ಮಾಮಿಯ ದನಿ ಬಂತು.

“ಒಂದು ಹುಡುಗಿಗೆ ಮೂರು ಗಂಡು ಗಂಟು ಹಾಕ್ತೀರೇನ್ರಿ?”

ಎರಡು ಬೀಗ ಆ ಕ್ಷಣವೇ ಬಿದ್ದವು.

ಕೆಲಸ ಶುರುವಾಯಿತು. ಜಾತಕಗಳನ್ನೆಲ್ಲ ಬೀಗ ಹಾಕಿದ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ, ಹೊಸ ಬೀಗದೊಡನೆ ಮೊದಲಿನಿಂದ ಸಿದ್ಧಮಾಡಿ, ಮತ್ತೆ ಎಲ್ಲವನ್ನೂ ಒಳಗೆ ತುಂಬಬೇಕು. ನಕಲಿನ ಡಿಸ್ಕನ್ನು ಮಾಮಾ ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೂತ. ಊಟಕ್ಕೂ ಏಳಲಿಲ್ಲ. ಎಡಗೈ ಡಿಸ್ಕಿನ ಮೇಲೆ, ಬಲಗೈಯಲ್ಲಿ ರೊಟ್ಟಿ. ಲ್ಯಾಪ್‌ಟಾಪ್ ಖಾಲಿಯಾಗಿದ್ದ ಅಷ್ಟು ಹೊತ್ತೂ ಅವನ ಮುಖ ನೋಡಲಾಗುತ್ತಿರಲಿಲ್ಲ.

ಸಂಜೆಗೆ ಮುಗಿಯಿತು. ಮಾಮಿ ಚಹಾಕ್ಕಿಟ್ಟ ನೀರು ಕುದಿಯುವ ಮೊದಲೇ ಲ್ಯಾಪ್‌ಟಾಪ್ ತೆರೆದುಕೊಂಡಿತು. ಎಲ್ಲ ಸರಿಯಾಗಿ ವಾಪಸು ಬಂದಿದೆಯೇ ಎಂದು ಒಂದು ಕಡತ ತೆರೆದು ನೋಡಬೇಕು, ನಿನಗೆ ಬೇಕಾದ್ದನ್ನು ತೆಗೆ ಎಂದೆ. ಮಾಮಾ ಕನ್ನಡಕ ತೆಗೆದು ಒರೆಸಿಕೊಂಡ.

“ಒಂದನೇ ನಂಬರ್ ನೀನೇ ತೆಗಿ. ಬ್ಯಾರೆದವ್ರದು ನೀ ನೋಡೂಹಂಗಿಲ್ಲ. ಅದು ನಿಂದ.”

ತೆಗೆದೆ. ಜಾತಕ ಇರಲಿಲ್ಲ. ಮೂರ್ಛೆಯ ಮಾತೂ ಇರಲಿಲ್ಲ. ನನ್ನ ಹೆಸರು, ಅದರ ಕೆಳಗೆ ಒಂದೇ ಸಾಲು: ‘ಈಕೆ ತಾನಾಗಿ ಕೇಳುವ ತನಕ ಯಾರಿಗೂ ತೋರಿಸಬಾರದು.’

“ನಿನ್ನ ನಿಶ್ಚಯ ಆದ ಮ್ಯಾಲೆ ಒಂದಿನ ನಾ ಚಹಾ ತರಾಕ ಒಳಗ ಹೋಗಿದ್ದೆ,” ಎಂದ ಮಾಮಾ. “ಬಂದವರು ಇಲ್ಲೇ ಕೂತಿದ್ರು. ಆಗ ಲ್ಯಾಪ್‌ಟಾಪ್ ಎಲ್ಲಿ, ವಹಿಯೊಳಗ ನಿನ್ನ ಹಾಳಿ ತೆರದಿತ್ತು. ಬೀಗ ಇರಲಿಲ್ಲ.”

ಇಷ್ಟು ವರ್ಷ ಯಾರು ಹೇಳಿದರೋ ಎಂದು ನಾನು ಸಂಶಯಪಟ್ಟವರ ಪಟ್ಟಿ ದೊಡ್ಡದಿದೆ. ಅದರಲ್ಲಿ ಮಾಮಾನ ಹೆಸರು ಇರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂರು ಬೀಗ ಹಾಕಿಕೊಂಡು, ಊರವರ ನಗೆಪಾಟಲಿಗೆ ಈಡಾಗಿ ಕುಳಿತಿದ್ದ ಈ ಮನುಷ್ಯನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಯಂತ್ರವನ್ನು ಬಂದ್ ಮಾಡಿ ಇನ್ನೊಮ್ಮೆ ತೆರೆದು ನೋಡೋಣ ಎಂದೆ.

ಮಾಮಾ ಪಾಸ್‌ವರ್ಡ್ ಹಾಕಲು ಕೀಲಿಗಳ ಮೇಲೆ ಬೆರಳು ಇಟ್ಟ. “ಇನ್ನ ಮ್ಯಾಲೆ ನೀ ಗ್ವಾಡಿ ಕಡೆ ತಿರುಗೂದು ಬ್ಯಾಡ,” ಎಂದ.

ಆದರೂ ನಾನು ಗೋಡೆಗೇ ತಿರುಗಿದೆ. ಕಣ್ಣಲ್ಲಿ ನೀರು ತುಂಬಿ ಕ್ಯಾಲೆಂಡರಿನ ಒಂದು ಏಕಾದಶಿಯೂ ಕಾಣಿಸಲಿಲ್ಲ. ಮೊದಲಿನ ಹಾಗೆ ಎರಡು ಚಹಾದಷ್ಟು ಹೊತ್ತು ಹಿಡಿದಿದ್ದರೆ ಒರೆಸಿಕೊಂಡು ಈ ಕಡೆ ತಿರುಗಬಹುದಿತ್ತು. ಹಾಳಾದ್ದು, ಆಗಲೇ ತೆರೆದುಕೊಂಡಿತ್ತು.