ಬೆರಳಿಗೊಂದು ಉಂಗುರ, ನಾಲ್ಕು ತಾಲ್ಲೂಕಿನ ಸಲಹೆ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಧೈರ್ಯ ಬೇಕು ಎಂದು ತಿಳಿದವರು ಹೇಳುತ್ತಾರೆ. ನನಗೆ ಆ ಧೈರ್ಯವಿಲ್ಲ. ಫೋನಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕಿನವರು ಸೇರಿಕೊಂಡಿರುವ ಒಂದು ಫೇಸ್‌ಬುಕ್ ಗುಂಪಿನಲ್ಲಿ ನಾನೂ ಒಬ್ಬ ಸದಸ್ಯ. ಅಲ್ಲಿ ಏನು ಬೇಕಾದರೂ ಕೇಳಬಹುದು. ಹೆಸರು ಕಾಣದ ಹಾಗೆ, ಬರೀ 'ಅನಾಮಧೇಯ ಸದಸ್ಯ' ಎಂದು ಬೀಳುವ ಹಾಗೆ ಕೇಳುವ ವ್ಯವಸ್ಥೆಯೂ ಇದೆ. ಆ ವ್ಯವಸ್ಥೆ ಮಾಡಿದ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ. ಅಂತರಸಂತೆಗೆ ಕಡೇ ಬಸ್ಸು ಎಷ್ಟೊತ್ತಿಗೆ, ಮೀಟರ್ ಡಬ್ಬಿಯೊಳಗೆ ಗೂಡು ಕಟ್ಟಿದ ಜೇನನ್ನು ನೋವಾಗದಂತೆ ಎಬ್ಬಿಸುವುದು ಹೇಗೆ, ನಮ್ಮ ಹುಂಜ ಮಧ್ಯಾಹ್ನ ಮೂರು ಗಂಟೆಗೇ ಏಕೆ ಕೂಗುತ್ತದೆ, ಇವೆಲ್ಲ ನಾನು ಕೇಳಿರುವ ಪ್ರಶ್ನೆಗಳೇ. ಒಮ್ಮೆ ಕೋತಿ ಕಾಟಕ್ಕೆ ಪರಿಹಾರ ಕೇಳಿದಾಗ ವೀರನಹೊಸಹಳ್ಳಿ ಕಡೆಯವರೊಬ್ಬರು, "ಕೋತೀನಾ? ನಮ್ಗೆ ಆನೆ ಬತ್ತವೆ. ಸುಮ್ಕೆ ಅಡ್ಜಸ್ಟ್ ಮಾಡ್ಕಳಿ" ಎಂದು ಬರೆದಿದ್ದರು. ಅಂದಿನಿಂದ ಕೋತಿಗಳ ವಿಷಯದಲ್ಲಿ ನನಗೆ ಒಂದು ಬಗೆಯ ನೆಮ್ಮದಿ ಬಂದಿದೆ.

ಹೆಸರು ಮರೆಸಿಕೊಂಡು ಕೇಳುವುದಕ್ಕೆ ಕಾರಣವಿದೆ. ನಾನು ಸರ್ವೆ ಇಲಾಖೆಯವನು. ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಟೇಪು ಹಿಡಿದು ನಡೆಯದ ಬದುವಿಲ್ಲ, ಬೈಸಿಕೊಳ್ಳದ ಊರಿಲ್ಲ. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತ ಕಡೆಯೂ ಕಲ್ಲು ನೆಡಿಸಿ ಬಂದಿದ್ದೇನೆ. "ಸರ್ವೆ ಸಾಹೇಬ್ರು ಅಳುದ್ರೆ ಮುಗೀತು, ಅದು ದೇವ್ರ ಅಳತೆ" ಎಂದು ಹಂಪಾಪುರದ ಯಜಮಾನರೊಬ್ಬರು ಪಂಚಾಯ್ತಿ ಕಟ್ಟೆಯಲ್ಲಿ ಹೇಳಿದ್ದನ್ನು ನಾನು ಮನೆಯಲ್ಲಿ ಆಗಾಗ ಹೇಳುತ್ತಿರುತ್ತೇನೆ. ಅಂಥವನು ಹೋಗಿ, ಹುಂಜ ಏಕೆ ಕೂಗುತ್ತದೆ ಎಂದು ಹೆಸರು ಹಾಕಿ ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ?

ಈಗ ನನ್ನ ಎಡವಟ್ಟಿನ ವಿಷಯಕ್ಕೆ ಬರುತ್ತೇನೆ. ಮಗಳು ಸುಮಾಳ ನಿಶ್ಚಿತಾರ್ಥ ಕೆ.ಆರ್. ನಗರದಲ್ಲಿ, ಹುಡುಗನ ಊರಿನ ಹತ್ತಿರದ ಛತ್ರದಲ್ಲಿ, ಎಡವಟ್ಟಾದ ದಿನದ ಮಾರನೆಯ ಬೆಳಗ್ಗೆ ಇತ್ತು. ಹುಡುಗನ ಮನೆಯವರು ಗದ್ದೆ ಬೇಸಾಯದವರು. ಮಾತು ಕಡಿಮೆ, ಶಾಸ್ತ್ರ ಜಾಸ್ತಿ. ಹುಡುಗನಿಗೆ ಹಾಕುವ ಉಂಗುರವನ್ನು ನನ್ನ ಹೆಂಡತಿ ನಾಗರತ್ನ ಮಾಡಿಸಿ ತಂದು, ಅರಿಶಿನ ಕುಂಕುಮ ಹಚ್ಚಿ, ವೀಳ್ಯದೆಲೆಯ ಮೇಲೆ ದೇವರ ಮುಂದೆ ಇಟ್ಟಿದ್ದಳು. ನಮ್ಮಲ್ಲಿ ಮದುಮಗನಿಗೆಂದು ದೇವರ ಮುಂದೆ ಇಟ್ಟ ಒಡವೆಯನ್ನು ಬೇರೆ ಯಾರೂ ಮೈಮೇಲೆ ಹಾಕಿಕೊಳ್ಳಬಾರದು. "ನೋಡಿ, ಮುಟ್ಬೇಡಿ" ಎಂದು ನನಗೆ ಮಾತ್ರ ಎರಡು ಸಲ ಹೇಳಿ, ತಾಯಿ ಮಗಳು ಇಬ್ಬರೂ ರವಿಕೆ ತರಲು ಪೇಟೆಗೆ ಹೋದರು. ಸುಮ ಬಾಗಿಲಲ್ಲಿ ತಿರುಗಿ ನಿಂತು, "ಅಪ್ಪ, ನಾಳೆ ಒಂದಿನ ಏನೂ ಎಡವಟ್ಟು ಮಾಡ್ಬೇಡಿ. ಅವರ ಮನೇಲಿ ಎಲ್ಲಾನೂ ನೋಡ್ತಾರೆ" ಎಂದಳು. ನಾಳೆ ಮಾಡಬೇಡಿ ಎಂದಳೇ ಹೊರತು ಇವತ್ತಿನ ಬಗ್ಗೆ ಏನೂ ಹೇಳಲಿಲ್ಲ.

ನಾನೇನು ಆಸೆಯಿಂದ ಹಾಕಿಕೊಳ್ಳಲಿಲ್ಲ. ನನ್ನ ಮದುವೆಯಲ್ಲಿ ಮಾವನವರು ಹಾಕಿದ ಉಂಗುರ ಎಷ್ಟು ಸಡಿಲವಾಗಿತ್ತೆಂದರೆ ಊಟಕ್ಕೆ ಕೂತಾಗ ಬೆರಳಿನಿಂದ ಜಾರಿ ಎಲೆಯ ಮೇಲಿನ ಸಾರಿಗೆ ಬಿದ್ದು, ಎಲೆಯ ಸಮೇತ ತಿಪ್ಪೆಗೆ ಹೋಗಿತ್ತು. ಇಡೀ ದಿಬ್ಬಣ ತಿಪ್ಪೆ ಕೆದಕಿತು. ಸಿಕ್ಕಿತು ಎನ್ನಿ, ಆದರೆ ನಮ್ಮ ಸೋದರಮಾವ ಇವತ್ತಿಗೂ ಆ ಕಥೆ ಹೇಳುವುದನ್ನು ಬಿಟ್ಟಿಲ್ಲ. ನನ್ನ ಅಳಿಯನಿಗೆ ಹಾಗಾಗಬಾರದಲ್ಲ! ಹುಡುಗನ ಬೆರಳು ಹೆಚ್ಚೂ ಕಡಿಮೆ ನನ್ನದರಷ್ಟೇ ಇದೆ ಎಂದು ಹೆಣ್ಣು ನೋಡಲು ಬಂದ ದಿನವೇ ನಾನು ಕಣ್ಣಳತೆಯಲ್ಲಿ ಕಂಡುಕೊಂಡಿದ್ದೆ. ಒಂದು ಸಲ ಹಾಕಿ ನೋಡಿದರೆ ಸಡಿಲವೋ ಬಿಗಿಯೋ ತಿಳಿಯುತ್ತದೆ, ತಿಳಿದರೆ ಸಂಜೆಯೊಳಗೆ ಸರಿ ಮಾಡಿಸಬಹುದು. ಹೀಗೆ ಯೋಚಿಸಿ ದೇವರಿಗೆ ಕೈಮುಗಿದು ಬಲಗೈ ಬೆರಳಿಗೆ ಏರಿಸಿದೆ. ಗೆಣ್ಣಿನ ಹತ್ತಿರ ಸ್ವಲ್ಪ ತಡೆಯಿತು. ತಡೆದಾಗಲೇ ಬುದ್ಧಿ ಬರಬೇಕಿತ್ತು. ನಾನು ಒತ್ತಿದೆ.

ಒಳಕ್ಕೆ ಹೋಯಿತು. ಹೊರಕ್ಕೆ ಬರಲಿಲ್ಲ. ಎಳೆದೆ, ತಿರುಗಿಸಿದೆ, ಹಲ್ಲಿನಲ್ಲಿ ಕಚ್ಚಿ ಎಳೆದೆ. ಎಳೆದಷ್ಟೂ ಬೆರಳು ಊದಿ ಮಾಗಿದ ನೇರಳೆ ಹಣ್ಣಾಯಿತು. ತಮಾಷೆಗೆ ಹೇಳುತ್ತಿಲ್ಲ, ನಿಜಕ್ಕೂ ಹೆದರಿಹೋದೆ. ಕತ್ತರಿಸೋಣವೆಂದರೆ, ಒಡೆದ ಚಿನ್ನವನ್ನು ಬೆಸೆದು ಮದುಮಗನಿಗೆ ಹಾಕುವುದುಂಟೇ? ಹಾಗೇ ಬಿಡೋಣವೆಂದರೆ ನಾಳೆ ಛತ್ರದಲ್ಲಿ ಬೀಗರ ಎದುರು, ಅಳಿಯನ ಉಂಗುರ ತೊಟ್ಟ ಮಾವನಾಗಿ ಕೂರಬೇಕು. ನನ್ನನ್ನು ಆಡಿಕೊಂಡರೆ ಚಿಂತೆಯಿಲ್ಲ, ಆಡಿಸಿಕೊಂಡು ರೂಢಿಯಿದೆ. ಆದರೆ ಆ ಮನೆಗೆ ಬಾಳಲು ಹೋಗುವ ಮಗಳು "ನಿಮ್ಮಪ್ಪ ಹಂಗೆ" ಎಂಬ ಮಾತನ್ನು ಜೀವನಪೂರ್ತಿ ಕೇಳಬೇಕಲ್ಲ, ಅದನ್ನು ನೆನೆದು ಕಣ್ಣಲ್ಲಿ ನೀರೇ ಬಂತು. ಗಂಟೆ ಮೂರಾಗಿತ್ತು. ಹುಂಜ ಕೂಗಿತು. ತಾಯಿ ಮಗಳು ಆರಕ್ಕೆ ವಾಪಸ್ಸು.

ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಗುಂಪಿನಲ್ಲಿ ಬರೆದೆ: "ಬೆರಳಿಗೆ ಉಂಗುರ ಸಿಕ್ಕಿಕೊಂಡಿದೆ. ಸಂಜೆಯೊಳಗೆ ತೆಗೆಯಬೇಕು. ಉಪಾಯ ತಿಳಿಸಿ. ತುರ್ತು." ಇಷ್ಟೇ, ಒಂದಕ್ಷರ ಹೆಚ್ಚಿಲ್ಲ. ಅನಾಮಧೇಯ ಸದಸ್ಯ.

ನಮ್ಮ ಜನ ದೊಡ್ಡವರು. ಎರಡು ನಿಮಿಷದಲ್ಲಿ ಉತ್ತರಗಳು ಬಂದವು. ಸೋಪು ಹಚ್ಚಿ ಎಂದರು, ಹಚ್ಚಿದೆ. ತುಪ್ಪ ಎಂದರು, ಅದರ ಮೇಲೆ ಅದನ್ನೂ ಹಚ್ಚಿದೆ. ಸೋಪು ತುಪ್ಪ ಸೇರಿ ಆದ ಪದಾರ್ಥ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಉಂಗುರ ಮಾತ್ರ ಅಲ್ಲಾಡಲಿಲ್ಲ. ಒಬ್ಬರು "ಹಳೇ ಚಿನ್ನಕ್ಕೆ ಒಳ್ಳೇ ಬೆಲೆ ಕೊಡ್ತೀವಿ, ಬೆರಳು ಸಮೇತ ಬನ್ನಿ" ಎಂದು ಅಂಗಡಿ ವಿಳಾಸ ಹಾಕಿದರು. ಇನ್ನೊಬ್ಬರು "ನನಗೂ ಸೇಮ್ ಪ್ರಾಬ್ಲಮ್ ಸರ್, ನಿಮಗೆ ಉತ್ತರ ಸಿಕ್ಕಿದರೆ ತಿಳಿಸಿ" ಎಂದರು. ಉಂಗುರ ಚಿನ್ನದ್ದೋ ಉಮಾಗೋಲ್ಡ್ ಗಿಲೀಟಿನದ್ದೋ ಎಂಬ ಬಗ್ಗೆ ಪಿರಿಯಾಪಟ್ಟಣದವರಿಗೂ ಕೋಟೆಯವರಿಗೂ ಜಗಳ ಹತ್ತಿತು. ನಡುವೆ ಯಾರೋ ರಸ್ತೆ ಗುಂಡಿಯ ವಿಷಯ ತಂದರು. "ಕೈನ ಮೇಕ್ಕೆತ್ತಿ ಇಡ್ಕಳಿ, ರಕ್ತ ಇಳೀತದೆ" ಎಂದು ಇನ್ನೊಬ್ಬರು ಬರೆದದ್ದು ನನಗೆ ಶಾಸ್ತ್ರೋಕ್ತವಾಗಿ ಕಂಡಿತು. ಅಂಗಳದಲ್ಲಿ ಬಲಗೈ ಮೇಲೆತ್ತಿ ನಿಂತೆ. ರಸ್ತೆಯಲ್ಲಿ ಹೋಗುತ್ತಿದ್ದ ಆಟೋದವನು ಗಕ್ಕನೆ ನಿಲ್ಲಿಸಿ, "ಎಲ್ಲಿಗೆ ಸಾ?" ಎಂದ.

ಮೂವತ್ತನೆಯದೋ ನಲವತ್ತನೆಯದೋ ಉತ್ತರ ಹಂಪಾಪುರದ ಹೆಂಗಸೊಬ್ಬರದು. ಫೋನಿಗೆ ಮಾತಾಡಿ ಬರೆಸಿದ್ದರೆಂದು ಕಾಣುತ್ತದೆ, ಪೂರ್ಣವಿರಾಮವೇ ಇರಲಿಲ್ಲ. "ಅಣ್ಣಾ ಸೋಪು ಗೀಪು ಬುಡಿ ಹೊಲಿಯೋ ದಾರ ತಗಳಿ ಒಂದು ತುದೀನ ಉಂಗುರದ ಒಳೀಕೆ ತೂರ್ಸಿ ಮಿಕ್ಕಿದ್ದ ಉಗುರ್ ಕಡೀಕೆ ಬಿಗಿಯಾಗಿ ಒತ್ತೊತ್ತಿಗೆ ಸುತ್ತಿ ಗೆಣ್ಣು ದಾಟ್ಬೇಕು ಆಮೇಲೆ ಒಳಗಿನ ತುದಿ ಇಡ್ದು ಬಿಚ್ಕಂಡ್ ಬನ್ನಿ ಉಂಗುರ ತಾನೇ ದಾರದ್ ಮೇಲೆ ನಡ್ಕಂಡ್ ಬತ್ತದೆ ನಿಮ್ ಒಂದ್ ಕೈಲಿ ಆಗಾಕಿಲ್ಲ ಪಕ್ಕದ್ ಮನೇಲಿ ಹೊಗೆಸೊಪ್ಪು ಕಟ್ಟೋ ಹೆಂಗಸ್ರು ಇದ್ರೆ ಹೋಗಿ ಕೇಳಿ ಅವ್ರ ಕೈ ಆಡಂಗೆ ಯಾರ್ ಕೈನೂ ಆಡಲ್ಲ."

ನಮ್ಮ ಪಕ್ಕದ ಮನೆಯಲ್ಲಿ ಹೊಗೆಸೊಪ್ಪು ಕಟ್ಟುವ ಹೆಂಗಸು ಇದ್ದರು. ಜವರಮ್ಮ. ವಯಸ್ಸು ಎಪ್ಪತ್ತರ ಹತ್ತಿರ. ಸೊಪ್ಪು ಮುರಿಯುವ ಕಾಲ ಬಂತೆಂದರೆ ತಮ್ಮ ಬ್ಯಾರನ್ ಮನೆಯ ಮುಂದೆ ಕೂತು, ಹಸಿ ಎಲೆಗಳನ್ನು ಒಲೆಯ ಕಾವಿನಲ್ಲಿ ಹದ ಮಾಡಲು ಕೋಲಿಗೆ ದಾರ ಹಾಕಿ ಕಟ್ಟುತ್ತಿದ್ದರೆ ಕಣ್ಣಿಗೆ ಬೆರಳೇ ಕಾಣುವುದಿಲ್ಲ. ಆದರೆ ಜವರಮ್ಮನಿಗೂ ನನಗೂ ಮೂರು ವರ್ಷದಿಂದ ಮಾತಿಲ್ಲ. ಕಾಂಪೌಂಡು ಕಟ್ಟಿಸುವಾಗ ನಾನೇ ಟೇಪು ಹಿಡಿದು, ನಮ್ಮ ಜಾಗ ಅವರ ಕಡೆಗೆ ಒಂದೂವರೆ ಅಡಿ ಇದೆ ಎಂದು ಹೇಳಿದ್ದೆ. "ನಮ್ಮತ್ತೆ ನೆಟ್ಟ ಹೊಂಗೆ ಮರ ಸುಳ್ಳೇಳ್ತದಾ?" ಎಂದು ಅವರು ಕೇಳಿದ್ದರು. ಮರದ ಸಾಕ್ಷ್ಯ ನಮ್ಮ ಇಲಾಖೆಯಲ್ಲಿ ನಡೆಯುವುದಿಲ್ಲ ಎಂದು ನಾನು ಕಾನೂನು ಹೇಳಿದ್ದೆ. ಕಾಂಪೌಂಡು ಏಳಲಿಲ್ಲ, ಮಾತು ನಿಂತಿತು. ನಾಗರತ್ನ ಮಾತ್ರ ಬೇಲಿಯ ಮೇಲೆ ಕರಿಬೇವು ಕೊಟ್ಟು ಹಾಲು ತರುತ್ತಿದ್ದಳು. ನಿಶ್ಚಿತಾರ್ಥಕ್ಕೆ ಅವರನ್ನು ಕರೆಯೋಣ ಎಂದವಳೂ ಅವಳೇ, ಬೇಡ ಎಂದವನು ನಾನು.

ನಾಲ್ಕೂವರೆಯವರೆಗೆ ಬೇಲಿಯ ಈಚೆ ಅಡ್ಡಾಡಿದೆ. ಬೆರಳು ಜುಮುಜುಮು ಎನ್ನುತ್ತಿತ್ತು. ಮಾನ ದೊಡ್ಡದೋ ಮಗಳು ದೊಡ್ಡವಳೋ ಎಂದು ನನ್ನನ್ನೇ ಬೈದುಕೊಂಡು, ಕೈಯನ್ನು ಟವೆಲಿನಲ್ಲಿ ಸುತ್ತಿ, ಸೂಜಿ ದಾರದ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಬೇಲಿ ದಾಟಿದೆ. ಜವರಮ್ಮ ಸೊಪ್ಪಿನ ರಾಶಿಯ ಪಕ್ಕ ಕೂತಿದ್ದರು. ತಲೆ ಎತ್ತಿ ನೋಡಿದರು.

"ಏನ್ ಸಾಹೇಬ್ರೆ, ಟೇಪ್ ಇಲ್ದೆ ಬಂದ್ಬುಟ್ರಲ್ಲ?"

"ಅಕ್ಕ, ಒಂದು ಉಪಕಾರ ಆಗಬೇಕು" ಎಂದು ಟವೆಲು ಬಿಚ್ಚಿದೆ.

ಅವರು ಬೆರಳು ನೋಡಿದರು, ಉಂಗುರ ನೋಡಿದರು, ನನ್ನ ಮುಖ ನೋಡಿದರು. "ಅಯ್ಯೋ ಶಿವ್ನೆ! ಇದು ನಾಗರತ್ನವ್ವ ಅಳೀಂಗೆ ಮಾಡ್ಸಿದ್ದಲ್ವಾ? ನನ್ಗೆ ತೋರ್ಸಿದ್ಲು ಕಣ್ರೀ. ನೀವ್ಯಾಕ್ ಆಕ್ಕಂಡ್ರಿ?"

"ಅಳತೆ ನೋಡೋಕೆ."

ಜವರಮ್ಮ ನಕ್ಕರು ನೋಡಿ! ಸೊಪ್ಪಿನ ಮೇಲೆ ಒರಗಿಕೊಂಡು, ಕಣ್ಣೊರೆಸಿಕೊಂಡು, ನಿಲ್ಲಿಸಿ, ನನ್ನ ಬೆರಳು ನೋಡಿ ಮತ್ತೆ ನಕ್ಕರು. "ನಾಕ್ ತಾಲೂಕ್ ಅಳ್ದೋರ್ಗೆ ನಾಕಿಂಚ್ ಬೆಳ್ಳು ಅಳ್ಯಕ್ ಆಗ್ನಿಲ್ವಾ ಸಾಹೇಬ್ರೆ!" ನನಗೂ ನಗು ಬಂದುಬಿಟ್ಟಿತು. ದಾರದ ಉಪಾಯ ಹೇಳಿದೆ. ಅವರು ನಗುತ್ತಲೇ ಬೆರಳಿನ ಸೋಪು ತುಪ್ಪ ಒರೆಸಿ, ಸೂಜಿಯ ಹಿಂಬದಿಯಿಂದ ದಾರ ಒಳಕ್ಕೆ ತೂರಿಸಿ ಸುತ್ತತೊಡಗಿದರು. ಎಳೆಯ ಪಕ್ಕ ಎಳೆ, ನಡುವೆ ಚರ್ಮ ಕಾಣದ ಹಾಗೆ. ನೋವಿಗೆ ನಾನು ಕುಯ್ಯೋ ಮರ್ರೋ ಎಂದೆ. "ತಡ್ಕಳಿ, ಮೂರ್ ಮಕ್ಳ ಎತ್ತಿವ್ನಿ ನಾನು" ಎಂದರು. ಗೆಣ್ಣು ದಾಟಿತು. ಕೆಳಗಿನ ತುದಿ ಹಿಡಿದು ನಿಧಾನವಾಗಿ ಬಿಚ್ಚುತ್ತ ಬಂದರು. ಉಂಗುರ ಒಂದೊಂದು ಎಳೆಯಾಗಿ ಹತ್ತಿ, ಗೆಣ್ಣಿನ ಮೇಲೆ ಒಂದು ಕ್ಷಣ ನಿಂತು, ಟಪ್ಪನೆ ಅವರ ಮಡಿಲಿಗೆ ಬಿತ್ತು.

ಆ ಕ್ಷಣ ನನಗಾದ ಸಮಾಧಾನವನ್ನು ಹೇಗೆ ಹೇಳಲಿ! ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೋದ ಜೀವ ಬಂದ ಹಾಗಾಯಿತು. ಬಾಯಿಗೆ ತಾನಾಗಿ ಬಂತು: "ನಾಳೆ ಬರಬೇಕು ಅಕ್ಕ. ನೀವಿಲ್ಲದೆ ಆಗಲ್ಲ."

ಜವರಮ್ಮ ಸೆರಗಿನಲ್ಲಿ ಉಂಗುರ ಒರೆಸುತ್ತ, "ಕರೀದೆ ಎಂಗ್ ಓಗದು ಅಂತ ಕುಂತಿದ್ದೆ. ನಾನು ಎತ್ತಾಡ್ಸಿದ್ ಕೂಸು ಅದು. ಬತ್ತೀನಿ, ಬುಡಿ" ಎಂದರು. ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡೆ. ಹೊಂಗೆ ಮರದ ಆಣೆಗೂ ಹೇಳುವುದಿಲ್ಲ ಎಂದರು.

ಉಂಗುರಕ್ಕೆ ಮತ್ತೆ ಅರಿಶಿನ ಕುಂಕುಮ ಹಚ್ಚಿ ಎಲೆಯ ಮೇಲಿಟ್ಟು, ತಪ್ಪಾಯ್ತು ಎಂದು ದೇವರಿಗೆ ಅಡ್ಡಬಿದ್ದೆ. ಗುಂಪಿನಲ್ಲಿ "ಬಂತು. ಎಲ್ಲರಿಗೂ ಕೈಮುಗಿದೆ" ಎಂದು ಬರೆದೆ. ಮುಖ ಮೂತಿ ಗೊತ್ತಿಲ್ಲದವರೆಲ್ಲ "ಸದ್ಯ", "ಅಬ್ಬಾ", "ನಮ್ಗೂ ಊಟ ಸೇರಿರ್ಲಿಲ್ಲ ಸರ್" ಎಂದು ಬರೆದರು. ಆರು ಗಂಟೆಗೆ ಬಂದ ನಾಗರತ್ನ ದೇವರ ಮನೆಗೆ ಹೋಗಿ ದೀಪ ಹಚ್ಚಿ ಬಂದಳು. ರಾತ್ರಿ ಊಟಕ್ಕೆ ನನಗೆ ಮಾತ್ರ ಚಮಚ ಇಟ್ಟಳು. ಹೊಸ ರವಿಕೆಯ ಸಂಭ್ರಮ ಎಂದುಕೊಂಡೆ.

ಮಾರನೆಯ ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಅಳಿಯನ ಬೆರಳಿಗೆ ಉಂಗುರ ಬೆಣ್ಣೆಯ ಹಾಗೆ ಇಳಿದು ಕೂತಿತು, ಸಡಿಲವೂ ಇಲ್ಲ, ಬಿಗಿಯೂ ಇಲ್ಲ. ಅವನ ಬೆರಳು ನನ್ನದಕ್ಕಿಂತ ಸಾಕಷ್ಟು ತೆಳ್ಳಗಿತ್ತು. ನನ್ನ ಕಣ್ಣಳತೆಯ ಬಗ್ಗೆ ಆಮೇಲೆ ಯೋಚಿಸಿದರಾಯಿತು ಎಂದು ಬಿಟ್ಟೆ. ಸುಮ ನನ್ನ ಕಡೆ ನೋಡಿ ನಕ್ಕಳು. ಜವರಮ್ಮ ರೇಷ್ಮೆ ಸೀರೆ ಉಟ್ಟು ಬೀಗಿತ್ತಿಯ ಪಕ್ಕದಲ್ಲೇ ಕೂತು, ನಮ್ಮ ಮನೆತನದ ಹಿರಿಮೆಯನ್ನು ನನಗೇ ಗೊತ್ತಿಲ್ಲದಷ್ಟು ಹೇಳಿದರು.

ವಾಪಸ್ಸು ಬರುವಾಗ ವ್ಯಾನಿನಲ್ಲಿ ನಾಗರತ್ನ ಫೋನು ನೋಡುತ್ತ ಕೂತಿದ್ದಳು.

"ಇಲ್ನೋಡಿ. ನಾಲ್ಕು ತಾಲ್ಲೂಕಿನ ಗ್ರೂಪಲ್ಲಿ ಯಾರಿಗೋ ಉಂಗುರ ಸಿಕ್ಕಾಕೊಂಡಿತ್ತಂತೆ. ಬಂತಂತೆ."

ಅವಳೂ ಆ ಗುಂಪಿನಲ್ಲಿ ಇದ್ದಾಳೆಂಬುದು ನನಗೆ ಅಂದೇ ತಿಳಿದದ್ದು. ಕಿಟಕಿಯಾಚೆ ನೋಡುತ್ತ, "ಯಾವನೋ ಪೆದ್ದ ಇರಬೇಕು" ಎಂದೆ.

"ಪೆದ್ದ ಅನ್ಬೇಡಿ ಕಣ್ರೀ, ಪಾಪ. ಅಳಿಯನಿಗೆ ಸಡಿಲ ಆಗ್ಬಾರ್ದು ಅಂತ ತಾನೆ ಹಾಕಿ ನೋಡಿದ್ದು" ಎಂದು ಹೇಳಿ, ಫೋನನ್ನು ಬ್ಯಾಗಿಗೆ ಹಾಕಿ ಕಣ್ಣು ಮುಚ್ಚಿಕೊಂಡಳು.

ಗುಂಪಿನಲ್ಲಿ ನಾನು ಅಳಿಯ ಎಂದು ಬರೆದೇ ಇರಲಿಲ್ಲ.

ಇದಾಗಿ ವಾರ ಕಳೆದಿದೆ. ಅವಳು ಆ ವಿಷಯ ಎತ್ತಿಲ್ಲ, ನಾನೂ ಎತ್ತಿಲ್ಲ. "ಹೆಂಡತಿಗೆ ಎಲ್ಲವೂ ಗೊತ್ತಿದ್ದು ಗೊತ್ತಿಲ್ಲದವಳ ಹಾಗೆ ಇದ್ದರೆ, ಗಂಡ ತಾನಾಗಿ ಒಪ್ಪಿಕೊಳ್ಳಬೇಕೋ ಸುಮ್ಮನಿರಬೇಕೋ? ಉಪಾಯ ತಿಳಿಸಿ" ಎಂದು ಅನಾಮಧೇಯ ಸದಸ್ಯನಾಗಿ ಮೂರು ಸಲ ಬರೆದೆ, ಮೂರು ಸಲವೂ ಅಳಿಸಿದೆ. ಮೊದಲ ಉತ್ತರ ಅಡುಗೆ ಮನೆಯಿಂದಲೇ ಬರುತ್ತದೆ ಎಂದು ಹೆದರಿಕೆ.