ಗಿರಿಯಪ್ಪಣ್ಣನ ನಾಲ್ಕು ವಾಲ್ವು

“ನೋಡಮ್ಮ ಜಯಂತಿ, ಇದೇ ಡ್ರೈವರ್ ಸ್ಟೇಜು!” ಎಂದು ಪಕ್ಕದ ಮನೆಯ ಗಿರಿಯಪ್ಪಣ್ಣ ಕಲ್ಯಾಣಮಂಟಪದ ಊಟದ ಹಾಲಿನಲ್ಲಿ ತಮ್ಮ ಆಂಪ್ಲಿಫೈಯರ್ ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಬಲ್ಬಿನಂಥ ಗಾಜಿನ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ನನ್ನ ಒಬ್ಬಳೇ ಮಗಳು ಕುಮುದಾಳ ಮದುವೆಗೆ ತಾವೇ ಮಾಡಿದ ಮೈಕ್‌ಸೆಟ್ಟೇ ಆಗಬೇಕೆಂದು ಹಟ ಹಿಡಿದು ಹೊತ್ತು ತಂದಿದ್ದರು.

“ಮೈಕಿಂದ ಬರೋ ಸದ್ದು ಬಡಕಲು ಕಣಮ್ಮ. ದೊಡ್ಡ ವಾಲ್ವನ್ನ ಅಲ್ಲಾಡಿಸೋಕೆ ಅದಕ್ಕೆ ತಾಕತ್ತಿಲ್ಲ. ನಡುವೆ ನಿಂತು ನೂಕೋದೇ ಈ ಡ್ರೈವರ್ರು. ಎಲ್ಲರೂ ಒಂದು ವಾಲ್ವ್ ಹಾಕ್ತಾರೆ, ನಾನು ನಾಲ್ಕು ಹಾಕಿದೀನಿ! ಮಾತು ಕಿವೀಲಿ ನಿಲ್ಲಲ್ಲ, ಸೀದಾ ಎದೆಗೇ ಇಳಿಯುತ್ತೆ!”

“ಇಳೀಲಿ ಬಿಡಿ ಅಣ್ಣ, ಹೊಗೆ ಬರದಿದ್ರೆ ಸಾಕು.”

ಮೊದಲ ಪಂಕ್ತಿಗೆ ಬಡಿಸಿದ್ದಾಯಿತು. ಬೀಗರ ಕಡೆಯವರು ಇನ್ನೂ ಫೋಟೋ ತೆಗೆಸಿಕೊಳ್ಳುತ್ತಿದ್ದರು, ಅವರಿಗೆ ಎರಡನೇ ಪಂಕ್ತಿ. ನಾನು ಮೈಕು ಹಿಡಿದು, “ಎಲ್ಲರೂ ನಿಧಾನವಾಗಿ ಊಟ ಮಾಡಿ,” ಎಂದೆ. ಅಷ್ಟೇ ಅಂದದ್ದು!

ಇನ್ನೂರು ಕೈಗಳು ತುತ್ತು ಹಿಡಿದು ಬಾಯಿಯ ಕಡೆ ಹೊರಟವು. ಹೊರಟವು, ತಲುಪಲಿಲ್ಲ. ನನ್ನ ಸೋದರಮಾವ ಒಂದು ಹಪ್ಪಳ ಮುರಿಯಲು ಹತ್ತು ನಿಮಿಷ ತೆಗೆದುಕೊಂಡರು. ಅರ್ಧ ಗಂಟೆಯಾದರೂ ಕೋಸಂಬರಿ ದಾಟಿದವರಿಲ್ಲ!

“ಅಣ್ಣಾ, ಏನಿದು ನಿಮ್ಮ ಕರ್ಮ?”

“ನೂಕು ಸ್ವಲ್ಪ ಜಾಸ್ತಿ ಆಗಿದೆ. ಬೇಗ ತಿಂದು ಏಳಿ ಅನ್ನು, ಸರಿಹೋಗುತ್ತೆ.”

“ಉಣ್ಣೋಕೆ ಕೂತೋರನ್ನ ಏಳಿ ಅನ್ನೋದಾ? ನಮ್ಮ ವಂಶದಲ್ಲೇ ಯಾರೂ ಅಂದಿಲ್ಲ!”

ಅಷ್ಟರಲ್ಲಿ ಗಂಡಿನ ತಂದೆ ಪರಮೇಶಯ್ಯ ತಮ್ಮವರನ್ನೆಲ್ಲ ಕಟ್ಟಿಕೊಂಡು ಬಂದರು.

“ಹಸ್ಕೊಂಡು ಎಷ್ಟೊತ್ತು ನಿಲ್ಲೋದ್ರೀ? ಬೀಗರಿಗೆ ಇದೇನಾ ಮರ್ಯಾದೆ? ನಡೀರೋ, ಬಸ್ ಹತ್ತಿ! ಹುಡುಗನ್ನೂ ಕರ್ಕೊಳ್ಳಿ!”

ಕುಮುದಾ ಅಳತೊಡಗಿದಳು. ಗಿರಿಯಪ್ಪಣ್ಣ ಸ್ಪೀಕರನ್ನು ಸರಕ್ಕನೆ ಬೀಗರ ಕಡೆ ತಿರುಗಿಸಿ, “ಏನಾದ್ರೂ ಒಳ್ಳೆ ಮಾತಾಡಮ್ಮ!” ಎಂದು ನನ್ನ ಕೈಗೆ ಮೈಕು ಕೊಟ್ಟರು.

“ಬೀಗರೇ, ಕೋಪ ಮಾಡ್ಕೋಬೇಡಿ,” ಎಂದೆ. “ಸಂಕೋಚಾನೂ ಬೇಡ. ನಮ್ಮ ಮನೇನ ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ!”

ಪಟ್! ಪಟ್! ನಾಲ್ಕೂ ವಾಲ್ವು ಒಡೆದವು. ಪರಮೇಶಯ್ಯನವರ ಮುಖ ಅರಳಿತು. ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ನುಗ್ಗಿ, ವರಾಂಡದಲ್ಲಿ ಎಲೆ ಹಾಸಿ, ತಮ್ಮವರಿಗೆಲ್ಲ ತಾವೇ ಬಡಿಸಿದರು. ಮೊದಲ ಪಂಕ್ತಿ ಮಜ್ಜಿಗೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಬೀಗರ ಬಸ್ಸು ಅವರ ಊರಿಗೆ ಹೋಗಲೇ ಇಲ್ಲ, ನೇರ ನಮ್ಮ ಮನೆ ಮುಂದೆ ಬಂದು ನಿಂತಿತು. ಇಳಿದವರು ಇಪ್ಪತ್ತಮೂರು ಜನ. ಐದು ತಿಂಗಳಾಯಿತು!

ಗಿರಿಯಪ್ಪಣ್ಣ ನಾಚಿಕೆಯಿಂದ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದರು. ಮೊನ್ನೆ ಗೇಟಿನಲ್ಲೇ ಹಿಡಿದು ನಿಲ್ಲಿಸಿದೆ.

“ಅಣ್ಣಾ, ನಿಮ್ಮ ಹೊಟ್ಟೆ ತಣ್ಣಗಿರಲಿ! ಮಗಳನ್ನ ಕಳಿಸಿಕೊಟ್ಟು ಹೇಗಪ್ಪಾ ಇರೋದು ಅಂತ ಮದುವೆ ಗೊತ್ತಾದಾಗಿಂದ ಕದ್ದು ಅತ್ತಿದೀನಿ. ಈಗ ದಿನಾ ಬೆಳಗೆದ್ದು ಅವಳ ಮುಖ ನೋಡ್ತೀನಿ. ನಿಮ್ಮ ಉಪಕಾರ ಮರೆಯಲ್ಲ.”

ಕುಮುದಾ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ನಮಗೂ ಅಲ್ಲೇ ಒಂದು ರೂಮು ಬಿಟ್ಟುಕೊಟ್ಟಿದ್ದಾರೆ.